ಪದೇ ಪದೇ ವಿದೇಶಕ್ಕೆ ಹೋಗುವವರು ಫೋನ್ ನಂಬರ್‌ಗಳನ್ನು ಹೇಗೆ ಸೇವ್ ಮಾಡಿಟ್ಟುಕೊಳ್ಳುತ್ತೀರಿ?

ಕುಂದಾಪ್ರ ಹುಡುಗ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಶಾರ್ಜಾದಲ್ಲಿ ಕೆಲಸಕ್ಕೆ ಸೇರ್ತಿದ್ದೇನೆ. ಯಂತ್ರಗಳ ಬಿಡಿಭಾಗ ಮಾರುವ ಕಂಪನಿ. ದೋಹಾ, ಮಸ್ಕತ್, ಆಗಾಗ ಜರ್ಮನಿ ಅಂತ ತಿರುಗಾಟ ಇರುತ್ತಂತೆ. ನನ್ನ ಫೋನಲ್ಲಿ ಕಾಲೇಜು ದಿನಗಳಿಂದ ಸೇರಿಕೊಂಡ ನಂಬರ್‌ಗಳಿವೆ. ಕೆಲವು ಸಿಮ್‌ನಲ್ಲಿ, ಕೆಲವು ಗೂಗಲ್ ಖಾತೆಯಲ್ಲಿ, ಇನ್ನು ಕೆಲವು ಎಲ್ಲಿವೆಯೋ ದೇವರೇ ಬಲ್ಲ. ಹೆಚ್ಚಿನವು ಬರೀ ಹತ್ತಂಕಿ, ಕೆಲವಕ್ಕೆ ಮುಂದೆ ಸೊನ್ನೆ. ಅಲ್ಲಿಗೆ ಹೋದ ಮೇಲೆ ವಾಟ್ಸಾಪನ್ನೂ ಅಲ್ಲಿನ ನಂಬರಿಗೆ ಬದಲಿಸುವ ಯೋಚನೆ. ವಿದೇಶದವರ ನಂಬರ್ ಸೇವ್ ಮಾಡುವಾಗ 00 ಹಾಕಬೇಕೋ, + ಹಾಕಬೇಕೋ? ಗೊತ್ತಿದ್ದವರು ಹೇಳಿ.

ದೇರಾದ ಭಟ್ರು
+ ಹಾಕಿ, 00 ಬೇಡ. ಆದರೆ ವಿದೇಶದವರ ನಂಬರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಮಾರಾಯ್ರೆ. ಅವರ ವಿಸಿಟಿಂಗ್ ಕಾರ್ಡಲ್ಲೇ +974, +49 ಅಂತ ಅಚ್ಚಾಗಿರುತ್ತೆ, ನೋಡಿಕೊಂಡು ಒತ್ತುತ್ತೀರಿ. ಕೈಕೊಡೋದು ನಮ್ಮೂರಿನ ನಂಬರ್‌ಗಳು. ಅಮ್ಮ, ತಮ್ಮ, ಗ್ಯಾಸ್ ಏಜೆನ್ಸಿ, ಬ್ಯಾಂಕಿನ ಮ್ಯಾನೇಜರು, ಎಲ್ಲಾ ಬರೀ ಹತ್ತಂಕಿ. ಆ ಹತ್ತಂಕಿಗೆ ಬೆಲೆ ಇರೋದು ಭಾರತದ ನೆಟ್‌ವರ್ಕ್ ಒಳಗೆ ಮಾತ್ರ. ಇಲ್ಲಿ ದುಬೈನ ಸಿಮ್ ಹಾಕಿ ಒತ್ತಿದರೆ ಅದನ್ನು ಇಲ್ಲಿನದೇ ನಂಬರ್ ಅಂತ ಹುಡುಕುತ್ತೆ, ಸಿಗೋದಿಲ್ಲ.

ವಾಟ್ಸಾಪ್ ವಿಷಯ ಇನ್ನೂ ಮುಖ್ಯ. ನಿಮ್ಮ ಖಾತೆ +91 ನಂಬರಿನಲ್ಲಿ ಇರೋ ತನಕ, ಕೋಡ್ ಇಲ್ಲದ ಹತ್ತಂಕಿಯನ್ನು ಅದು ಭಾರತದ್ದು ಅಂತಲೇ ಓದಿಕೊಳ್ಳುತ್ತೆ. ನೀವು ಯಾವ ದೇಶದಲ್ಲಿದ್ದರೂ ಪರವಾಗಿಲ್ಲ. ಖಾತೆಯನ್ನು +971 ನಂಬರಿಗೆ ಬದಲಿಸಿದ ಮೇಲೆ ಅದೇ ಹತ್ತಂಕಿಯನ್ನು ಎಮಿರೇಟ್ಸ್ ನಂಬರ್ ಅಂತ ಓದಲು ಶುರು ಮಾಡುತ್ತೆ. ಹೆಸರುಗಳೆಲ್ಲ ಮಾಯ. ಹೊಸದಾಗಿ ಬಂದ ಹುಡುಗರು ಡಿಪಿ ನೋಡಿಕೊಂಡು ಇದು ಅತ್ತೆಯೋ ಚಿಕ್ಕಮ್ಮನೋ ಅಂತ ಲೆಕ್ಕ ಹಾಕೋದು ಇಲ್ಲಿ ಮಾಮೂಲು. ವಿಮಾನ ಹತ್ತೋ ಮೊದಲೇ ಎಲ್ಲಕ್ಕೂ +91 ಹಾಕಿ. ಹಾಕಿದರೆ ಊರಲ್ಲಿ ಐಎಸ್‌ಡಿ ದರ ಬೀಳುತ್ತೆ ಅನ್ನೋ ಭಯ ಕೆಲವರಿಗಿದೆ. ಹಾಗೇನಿಲ್ಲ. ಭಾರತದ ಮೊಬೈಲಿಂದ +91 ಒತ್ತಿದರೂ ಅದು ಸಾಮಾನ್ಯ ಕರೆಯೇ.

ಜಯನಗರ ಸೀನ
ಈ ಕಾಲದಲ್ಲಿ ನಂಬರ್ ಒತ್ತಿ ಫೋನ್ ಮಾಡೋರು ಯಾರು ಸಾರ್? ಎಲ್ಲಾ ವಾಟ್ಸಾಪ್ ಕಾಲ್. ಹಳೇ ನಂಬರಲ್ಲೇ ವಾಟ್ಸಾಪ್ ಇಟ್ಕೊಳ್ಳಿ, ಅಲ್ಲಿ ಹೋಗಿ ಡೇಟಾ ಹಾಕಿಸ್ಕೊಳ್ಳಿ, ಮುಗೀತು. ಇಷ್ಟಕ್ಕೆ ಇಷ್ಟು ದೊಡ್ಡ ಚರ್ಚೆ!

ದೇರಾದ ಭಟ್ರು
ಸೀನಣ್ಣ, ಒಂದ್ಸಲ ಇಲ್ಲಿಗೆ ಬನ್ನಿ. ಎಮಿರೇಟ್ಸ್‌ನಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತೆ, ಕರೆ ಹೋಗೋದಿಲ್ಲ. ಅನುಮತಿ ಇರೋ ಬೊಟಿಮ್ ಥರದ ಆ್ಯಪ್ ಹಾಕ್ಕೋಬೇಕು, ಊರಲ್ಲಿರೋ ಅಮ್ಮನ ಫೋನಿಗೂ ಹಾಕಿಸಬೇಕು. ಅಮ್ಮನಿಗೆ ಬಟನ್ ಫೋನ್ ಇದ್ದರೆ ನಂಬರ್ ಒತ್ತದೆ ಬೇರೆ ದಾರಿ ಇಲ್ಲ.

ತೀರ್ಥಹಳ್ಳಿ ಸೊಸೆ
ಮತ್ತೆ ಎಲ್ಲರೂ ವಾಟ್ಸಾಪಲ್ಲಿ ಇರಲ್ಲ ಸೀನ ಅವರೇ. ಅಡಿಕೆ ಮಂಡಿಯವರು, ತೋಟ ನೋಡ್ಕೊಳ್ಳೋರು, ಅತ್ತೆಗೆ ಔಷಧಿ ಕೊಡೋ ಅಂಗಡಿ... ಮನೆಗೆ ತುರ್ತಾಗಿ ಯಾರನ್ನಾದರೂ ಕಳಿಸಬೇಕಾದಾಗ ಬೇಕಾಗೋದು ಇವರೇ. ಇವರ ನಂಬರಿಗೆ +91 ಹಾಕೋದು ಯಾರಿಗೂ ನೆನಪಾಗಲ್ಲ.

ರಾಲಿ ಕನ್ನಡತಿ
ಭಟ್ಟರು ಹೇಳಿದ್ದು ಗಲ್ಫ್ ಕಥೆ. ಅಮೆರಿಕದಲ್ಲಿ ಇದರ ಅಣ್ಣ ಇದ್ದಾನೆ! ಇಲ್ಲಿನ ನಂಬರ್ ಕೂಡ ಹತ್ತಂಕಿ. ಮೊದಲ ಮೂರು ಏರಿಯಾ ಕೋಡ್. ನಾನಿರೋ ನಾರ್ತ್ ಕೆರೊಲಿನಾದ ರಾಲಿ, ಡರ್ಹಮ್ ಕಡೆಯ ಏರಿಯಾ ಕೋಡ್‌ಗಳು 919 ಮತ್ತು 984. ನಮ್ಮಲ್ಲಿ 9844, 9845 ಅಂತ ಶುರುವಾಗೋ ಹಳೇ ಮೊಬೈಲ್ ನಂಬರ್‌ಗಳು ಎಷ್ಟಿಲ್ಲ? ಅಂಥದ್ದನ್ನು ಕೋಡ್ ಇಲ್ಲದೆ ಸೇವ್ ಮಾಡಿ ಅಮೆರಿಕದ ಸಿಮ್‌ನಿಂದ ಒತ್ತಿದರೆ "ಅಂಥ ನಂಬರ್ ಇಲ್ಲ" ಅಂತ ಬರಬೇಕೆಂದೇನೂ ಇಲ್ಲ. ಇಲ್ಲಿಯೇ ಯಾರದೋ ಮನೆಯಲ್ಲಿ ಫೋನ್ ರಿಂಗ್ ಆಗಬಹುದು. ನಡುರಾತ್ರಿ ಆಗಿದ್ದರೆ ಬೈಗುಳ ಬೇರೆ.

ಉಲ್ಟಾ ಕೂಡ ಆಗುತ್ತೆ. ಇಲ್ಲಿನ 919 ನಂಬರನ್ನು +1 ಇಲ್ಲದೆ ಊರಿನ ಫೋನಲ್ಲಿ ಸೇವ್ ಮಾಡಿದರೆ, ಒಂಬತ್ತರಿಂದ ಶುರುವಾಗೋ ಹತ್ತಂಕಿ, ನೋಡೋಕೆ ಪಕ್ಕಾ ಭಾರತದ ಮೊಬೈಲ್. +1 919 ಅಂತ ಬರೆದಾಗ ಮಾತ್ರ ಗೊಂದಲ ಇಲ್ಲ.

ಇನ್ನೊಂದು ಮಾತು. +1 ಅಂದರೆ ಬರೀ ಅಮೆರಿಕ ಅಲ್ಲ. ಕೆನಡಾ, ಜಮೈಕಾ, ಇನ್ನೂ ಹಲವು ಕೆರಿಬಿಯನ್ ದ್ವೀಪಗಳು ಅದರಲ್ಲೇ ಸೇರಿವೆ. ಒಂದು ರಿಂಗ್ ಕೊಟ್ಟು ಕಟ್ ಮಾಡೋ +1 876 ನಂಬರಿಗೆ ಭಾವನ ಮಗ ಇರಬೇಕು ಅಂತ ತಿರುಗಿ ಫೋನ್ ಮಾಡಬೇಡಿ. ಅದು ಜಮೈಕಾ. ದುಬಾರಿ ಕರೆಗೆ ನಿಮ್ಮನ್ನು ಎಳೆಯೋ ಹಳೇ ಮೋಸ.

ನಿವೃತ್ತ ಎಕ್ಸ್‌ಚೇಂಜ್
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವನು ನಾನು, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಜಗತ್ತಿನ ಫೋನ್ ನಂಬರ್‌ಗಳಿಗೆಲ್ಲ ಒಂದೇ ಕಟ್ಟಳೆ ಇದೆ. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.164 ಶಿಫಾರಸು. ದೇಶದ ಕೋಡ್ ಸೇರಿ ಹೆಚ್ಚೆಂದರೆ 15 ಅಂಕಿ. ದೇಶದ ಕೋಡ್ ಒಂದರಿಂದ ಮೂರು ಅಂಕಿ: ಅಮೆರಿಕಕ್ಕೆ 1, ಭಾರತಕ್ಕೆ 91, ಕತಾರಿಗೆ 974. ಮುಂದಿನ + ಗುರುತು ಅಂಕಿಯಲ್ಲ. "ಇಲ್ಲಿಂದ ಹೊರದೇಶಕ್ಕೆ ಹೋಗಲು ಏನು ಒತ್ತಬೇಕೋ ಅದನ್ನು ನೀನೇ ಒತ್ತಿಕೋ" ಎಂದು ನೆಟ್‌ವರ್ಕಿಗೆ ಹೇಳುವ ಸೂಚನೆ ಅಷ್ಟೇ. ಭಾರತ, ಗಲ್ಫ್, ಯುರೋಪಿನ ಬಹುಭಾಗದಲ್ಲಿ ಅದು 00. ಅಮೆರಿಕ, ಕೆನಡಾದಲ್ಲಿ 011. ಆಸ್ಟ್ರೇಲಿಯಾದಲ್ಲಿ 0011. ಜಪಾನಿನಲ್ಲಿ 010. ನೀವು 0091 ಎಂದು ಸೇವ್ ಮಾಡಿದ್ದು ಶಾರ್ಜಾದಲ್ಲಿ ನಡೆದೀತು, ಷಿಕಾಗೋದಲ್ಲಿ ನಡೆಯುತ್ತದೆಂಬ ಭರವಸೆ ಇಲ್ಲ. + ಇಟ್ಟರೆ ಎಲ್ಲ ಕಡೆ ನಡೆಯುತ್ತದೆ. ಮೊಬೈಲಿನಲ್ಲಿ ಸೊನ್ನೆಯನ್ನು ಒತ್ತಿ ಹಿಡಿದರೆ + ಬರುತ್ತದೆ, ಹಳೆಯ ಬಟನ್ ಫೋನ್‌ಗಳಲ್ಲಿ * ಗುಂಡಿಯನ್ನು ಎರಡು ಸಲ ಬೇಗ ಒತ್ತಬೇಕು.

ಇನ್ನು ಮುಂದಿನ ಸೊನ್ನೆ. ನಮ್ಮ ಎಸ್‌ಟಿಡಿ ಕಾಲದ ಸೊನ್ನೆ ದೇಶದೊಳಗೆ "ಊರಾಚೆಗೆ ಹೋಗುತ್ತಿದ್ದೇನೆ" ಎಂದು ಎಕ್ಸ್‌ಚೇಂಜಿಗೆ ತಿಳಿಸಲು ಇದ್ದದ್ದು. +91 ಬಂದ ಮೇಲೆ ಅದಕ್ಕೆ ಕೆಲಸವಿಲ್ಲ, ತೆಗೆದುಬಿಡಬೇಕು. ಬೆಂಗಳೂರಿನ 080 ಆಗುವುದು +91 80, ಮೈಸೂರಿನ 0821 ಆಗುವುದು +91 821, ಶಿವಮೊಗ್ಗದ 08182 ಆಗುವುದು +91 8182. ಸೊನ್ನೆ ಬಿಟ್ಟು ಎಣಿಸಿ: ಬೆಂಗಳೂರಿಗೆ ಕೋಡ್ ಎರಡು, ನಂಬರ್ ಎಂಟು. ಮೈಸೂರಿಗೆ ಮೂರು, ಏಳು. ಶಿವಮೊಗ್ಗಕ್ಕೆ ನಾಲ್ಕು, ಆರು. ಎಲ್ಲಾ ಸೇರಿ ಹತ್ತೇ. ಮೊಬೈಲೂ ಹತ್ತೇ. ಹಾಗಾಗಿ ಭಾರತದ ಯಾವುದೇ ನಂಬರಿಗೆ +91 ಆದಮೇಲೆ ಹತ್ತಂಕಿ ಇದೆಯೇ ನೋಡಿಕೊಂಡರೆ ಸಾಕು. ಕಡಿಮೆ ಇದ್ದರೆ ಎಸ್‌ಟಿಡಿ ಕೋಡ್ ಬಿಟ್ಟುಹೋಗಿದೆ, ಹೆಚ್ಚಿದ್ದರೆ ಸೊನ್ನೆ ಉಳಿದುಕೊಂಡಿದೆ.

ಹೋಟೆಲ್ ರೂಮಿನ ಫೋನಿಗೆ + ಇಲ್ಲ ಎಂಬುದು ನೆನಪಿರಲಿ. ಮೊದಲು ಹೊರಲೈನಿಗೆ 9 ಅಥವಾ 0, ಆಮೇಲೆ ಆ ದೇಶದ 00 ಅಥವಾ 011, ಆಮೇಲೆ 91. ಮೊಬೈಲ್ ಚಾರ್ಜ್ ಮುಗಿದಾಗ ಇದು ಗೊತ್ತಿರಬೇಕು.

ಹುಬ್ಳಿ ಮಾವ
ಸರ, ಭಾಳ ಚಲೋ ಹೇಳಿದ್ರಿ. ನನ್ನದೊಂದು ಪ್ರಶ್ನೆ ಐತ್ರಿ. ನನ್ನ ಮಗಳು ಲಂಡನ್‌ನ್ಯಾಗ ಅದಾಳ. ಆಕಿ ಆಫೀಸಿನ ನಂಬರ್ +44 (0)20 ಅಂತ ಬರದಾರ. ಆ ಕಂಸದಾಗಿನ ಸೊನ್ನಿ ಒತ್ತಬೇಕೋ ಬ್ಯಾಡೋ?

ನಿವೃತ್ತ ಎಕ್ಸ್‌ಚೇಂಜ್
ಬೇಡ. ಆ ಬರವಣಿಗೆ ಎರಡು ಕಡೆಯವರಿಗೂ ಸಲ್ಲಲಿ ಎಂದು ಮಾಡಿದ್ದು. ಬ್ರಿಟನ್ ಒಳಗಿರುವವರು +44 ಬಿಟ್ಟು 020 ಎಂದು ಒತ್ತಬೇಕು, ಹೊರಗಿನವರು ಸೊನ್ನೆ ಬಿಟ್ಟು +44 20 ಎಂದು ಒತ್ತಬೇಕು. ಜರ್ಮನಿಯ ಕಾರ್ಡುಗಳಲ್ಲೂ +49 (0) ಎಂದು ಹೀಗೇ ಇರುತ್ತದೆ. ಸೇವ್ ಮಾಡುವಾಗ ಕಂಸವನ್ನೂ ಸೊನ್ನೆಯನ್ನೂ ಎರಡನ್ನೂ ಕಿತ್ತುಹಾಕಿ.

ಪೀಣ್ಯ ಟೂಲ್‌ರೂಮ್
ಎಕ್ಸ್‌ಚೇಂಜ್ ಸಾರ್ ಹೇಳಿದ ನಿಯಮಕ್ಕೆ ಇಟಲಿ ಅಪವಾದ. ಮಷೀನ್ ನೋಡಲು ಆ ಕಡೆ ಹೋಗ್ತಿರ್ತೀನಿ, ಅದಕ್ಕೆ ಗೊತ್ತು. ಇಟಲಿಯ ಲ್ಯಾಂಡ್‌ಲೈನಿನ ಸೊನ್ನೆ 1998ರಿಂದ ನಂಬರಿನದೇ ಭಾಗ. ರೋಮ್ ಅಂದರೆ +39 06, ಸೊನ್ನೆ ತೆಗೆದರೆ ಕರೆ ಹೋಗಲ್ಲ. ಆದರೆ ಅವರ ಮೊಬೈಲ್ 3ರಿಂದ ಶುರು, ಅದಕ್ಕೆ ಸೊನ್ನೆಯೇ ಇಲ್ಲ.

ರಷ್ಯಾದವರು ಕಾರ್ಡ್ ಮೇಲೆ ಮುಂದೆ 8 ಬರೀತಾರೆ. ಅದು ನಮ್ಮ ಸೊನ್ನೆ ಇದ್ದ ಹಾಗೆ. 8 ತೆಗೆದು +7 ಹಾಕಬೇಕು. ಕಜಕಿಸ್ತಾನಕ್ಕೂ +7. ಅಲ್ಲಿ ಎಂಬಿಬಿಎಸ್ ಓದೋ ಮಕ್ಕಳ ಅಪ್ಪ ಅಮ್ಮಂದಿರು ಗಮನಿಸಿ.

ಅರ್ಜೆಂಟೀನಾದ್ದು ಎಲ್ಲಕ್ಕಿಂತ ತಲೆನೋವು. ಅಲ್ಲಿಯವರು ಮೊಬೈಲ್ ನಂಬರನ್ನು ಊರಿನ ಕೋಡ್, ಆಮೇಲೆ 15, ಆಮೇಲೆ ನಂಬರ್ ಅಂತ ಹೇಳ್ತಾರೆ. ನಾವು ಸೇವ್ ಮಾಡುವಾಗ 15 ತೆಗೆದು +54 ಆದಮೇಲೆ ಒಂದು 9 ಸೇರಿಸಬೇಕು. ಬ್ಯೂನಸ್ ಐರಿಸ್ ಮೊಬೈಲ್ ಅಂದರೆ +54 9 11, ಮುಂದೆ ಎಂಟಂಕಿ. ಮೆಕ್ಸಿಕೋದಲ್ಲೂ +52 ನಂತರ ಮೊಬೈಲಿಗೆ 1 ಹಾಕೋ ಪದ್ಧತಿ ಇತ್ತು, 2019ರ ಆಗಸ್ಟಿನಲ್ಲಿ ತೆಗೆದರು. ಹಳೇ ಕಾಂಟ್ಯಾಕ್ಟ್‌ಗಳಲ್ಲಿ ಆ 1 ಇನ್ನೂ ಕೂತಿದ್ದರೆ ತೆಗೆಯಿರಿ.

ಕತಾರ್, ಕುವೈತ್, ಒಮಾನ್, ಬಹ್ರೈನ್, ಸಿಂಗಾಪುರ ಎಲ್ಲಾ ಸಲೀಸು. ಎಂಟಂಕಿ, ಸೊನ್ನೆ ಗಿನ್ನೆ ಏನೂ ಇಲ್ಲ. ಎಮಿರೇಟ್ಸ್, ಸೌದಿ ಮೊಬೈಲ್ 05 ಅಂತ ಹೇಳ್ತಾರೆ. +971 5, +966 5 ಅಂತ ಬರಕೊಳ್ಳಿ.

ಕುಂದಾಪ್ರ ಹುಡುಗ
ಅಬ್ಬಾ, ಇಷ್ಟೆಲ್ಲ ಉಂಟಾ! ಮನೆಯ ಲ್ಯಾಂಡ್‌ಲೈನ್ ನನ್ನ ಫೋನಲ್ಲಿ ಬರೀ ಆರಂಕಿ ಇದೆ. ಅಂದರೆ +91 8254 ಹಾಕಿ ಆ ಆರಂಕಿ, ಸರಿಯಾ? ಮತ್ತೆ ಸಾವಿರದ ಹತ್ತಿರ ಕಾಂಟ್ಯಾಕ್ಟ್ ಇವೆ, ಒಂದೊಂದೇ ತಿದ್ದುತ್ತಾ ಕೂತರೆ ವೀಸಾ ಮುಗಿಯುತ್ತೆ. ಒಟ್ಟಿಗೆ ಮಾಡೋ ದಾರಿ ಉಂಟಾ?

ಕೋಡು ಬರೆಯುವವ
ಲ್ಯಾಂಡ್‌ಲೈನ್ ಲೆಕ್ಕ ಸರಿ.

ಒಟ್ಟಿಗೆ ಮಾಡಬಹುದು. ಮೊದಲು ಎಲ್ಲವನ್ನೂ ಒಂದೇ ಕಡೆ ತನ್ನಿ. ಕಾಂಟ್ಯಾಕ್ಟ್ಸ್ ಆ್ಯಪಿನಲ್ಲಿ ಸಿಮ್‌ನಿಂದ ಇಂಪೋರ್ಟ್ ಅಂತ ಇರುತ್ತೆ, ಗೂಗಲ್ ಖಾತೆಗೆ ಸೇರಿಸಿ. ಆಮೇಲೆ ಇಡೀ ಪಟ್ಟಿಯನ್ನು ವಿಸಿಎಫ್ ಕಡತವಾಗಿ (ಕಾಂಟ್ಯಾಕ್ಟ್‌ಗಳನ್ನು ಒಟ್ಟಿಗೆ ಇಡೋ ಕಡತ) ಎಕ್ಸ್‌ಪೋರ್ಟ್ ಮಾಡಿ ಬೇರೆಲ್ಲಾದರೂ ಇಟ್ಟುಬಿಡಿ. ಏನು ಕೆಟ್ಟರೂ ಹಿಂದಕ್ಕೆ ಬರಲು ಅದೇ ಆಧಾರ. ಇದು ಆಗದೆ ಮುಂದಿನದಕ್ಕೆ ಕೈ ಹಾಕಬೇಡಿ.

ಆಮೇಲೆ ಕಂಪ್ಯೂಟರಿನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು ಅದೇ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ (ಕೋಷ್ಟಕದ ಥರ ತೆರೆಯೋ ಕಡತ) ಇಳಿಸಿಕೊಳ್ಳಿ. ಅದನ್ನು ನೇರವಾಗಿ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಕೆಟ್ಟಿರಿ. ಅದು ಫೋನ್ ನಂಬರನ್ನು ಲೆಕ್ಕದ ಸಂಖ್ಯೆ ಅಂದುಕೊಂಡು + ನುಂಗುತ್ತೆ, ಮುಂದಿನ ಸೊನ್ನೆ ನುಂಗುತ್ತೆ, ಉದ್ದ ನಂಬರನ್ನು 9.19ಇ+11 ಅಂತ ತೋರಿಸುತ್ತೆ. ಹಾಗೇ ಸೇವ್ ಮಾಡಿದರೆ ಮೂಲ ಅಂಕಿಗಳು ಹೋದ ಹಾಗೆಯೇ. ಇಂಪೋರ್ಟ್ ದಾರಿಯಲ್ಲಿ ಹೋಗಿ ನಂಬರಿನ ಕಂಬಸಾಲನ್ನು ಪಠ್ಯ ಅಂತ ಗುರುತು ಮಾಡಿಕೊಂಡೇ ತೆರೆಯಬೇಕು.

ತಿದ್ದುವಾಗ ಆತುರ ಬೇಡ. ಎಲ್ಲದರಿಂದ ಬಲಗಡೆಯ ಹತ್ತಂಕಿ ಎತ್ತಿ ಮುಂದೆ +91 ಅಂಟಿಸೋದು ಹಲವರ ಉಪಾಯ. ಆಗ ದೋಹಾದ ಗೆಳೆಯನೂ ಭಾರತೀಯ ನಂಬರ್ ಆಗಿಬಿಡ್ತಾನೆ. + ಇಂದ ಶುರುವಾಗೋದನ್ನೂ 00 ಇಂದ ಶುರುವಾಗೋದನ್ನೂ ಬೇರೆ ತೆಗೆದಿಡಿ. ಉಳಿದವುಗಳಲ್ಲಿ ಮುಂದೆ ಸೊನ್ನೆ ಇರೋ ಹನ್ನೊಂದಂಕಿಗೆ ಸೊನ್ನೆ ತೆಗೆದು +91. ಹತ್ತಂಕಿಗೆ, ಅಮೆರಿಕದವರದ್ದು ಅಲ್ಲ ಅಂತ ಕಣ್ಣಾಡಿಸಿ, +91. ಹತ್ತಕ್ಕಿಂತ ಕಡಿಮೆ ಇರೋದು ಕೈಯಾರೆ ನೋಡಬೇಕಾದ್ದು. ಹಳೇ ಲ್ಯಾಂಡ್‌ಲೈನ್ ಇರಬಹುದು, 112, 1930 ಥರದ ಕಿರುಸಂಖ್ಯೆಯೂ ಇರಬಹುದು. ಕಿರುಸಂಖ್ಯೆಗೆ +91 ಹಾಕಿದರೆ ಅದು ಕೆಲಸ ಮಾಡಲ್ಲ.

ನೂರಿನ್ನೂರು ಮುಖ್ಯವಾದವು ಮಾತ್ರ ಬೇಕಿದ್ದರೆ ಈ ಗೋಜೇ ಬೇಡ. ಒಂದು ಸಂಜೆ ಟೀವಿ ಮುಂದೆ ಕೂತು ಕೈಯಲ್ಲೇ ತಿದ್ದಬಹುದು. ನನ್ನನ್ನು ಕೇಳಿದರೆ ಅದೇ ವಾಸಿ. ಸತ್ತ ನಂಬರ್‌ಗಳನ್ನು ಅಳಿಸೋಕೂ ಅವಕಾಶ ಸಿಗುತ್ತೆ.

ಜಯನಗರ ಸೀನ
ಅಲ್ಲ, ಸಿಮ್‌ನಲ್ಲೇ ಇಟ್ಟರೆ ಏನಂತೆ? ಫೋನ್ ಹಾಳಾದರೂ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ನಂಬರ್‌ಗಳೆಲ್ಲ ಬರುತ್ತಲ್ಲ. ಗೂಗಲ್‌ಗೆ ಯಾಕೆ ಕೊಡಬೇಕು ನಮ್ಮ ನಂಟರ ಪಟ್ಟಿ?

ಕೋಡು ಬರೆಯುವವ
ಕೊನೆಯ ಮಾತು ನ್ಯಾಯವಾದದ್ದೇ. ಖಾತೆಗೆ ಹಾಕುವುದು ಬೇಡ ಅನ್ನೋರು ವಿಸಿಎಫ್ ಕಡತವನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಲಿ. ಆದರೆ ಸಿಮ್ ಬೇಡ. ಸಿಮ್‌ನಲ್ಲಿ ಹಿಡಿಸೋದು ಕೆಲವೇ ನೂರು ಹೆಸರು. ಒಂದು ಹೆಸರಿಗೆ ಸಾಮಾನ್ಯವಾಗಿ ಒಂದೇ ನಂಬರ್. ಹೆಸರಿನ ಜಾಗವೂ ಕಿರಿದು, ಕನ್ನಡ ಲಿಪಿಯಲ್ಲಿ ಬರೆದರೆ ಹಲವು ಫೋನ್‌ಗಳಲ್ಲಿ ಅರ್ಧ ಹೆಸರಿಗೇ ತುಂಡಾಗುತ್ತೆ. ಜೊತೆಗೆ ನಮ್ಮ ಕುಂದಾಪ್ರದವರು ತಿರುಗಾಟದ ಮನುಷ್ಯ, ದೇಶಕ್ಕೊಂದು ಸಿಮ್ ಬದಲಿಸೋರು. ಊರಿನ ಸಿಮ್ ಪರ್ಸಿನಲ್ಲಿ ಕೂತಾಗ ನಂಬರ್‌ಗಳೂ ಪರ್ಸಿನಲ್ಲೇ. ಐಫೋನಿನಲ್ಲಂತೂ ಸಿಮ್‌ನಿಂದ ಒಳಗೆ ತರಬಹುದು, ಸಿಮ್‌ಗೆ ಬರೆಯೋಕೆ ಆಗೋದೇ ಇಲ್ಲ.

ಕಾರವಾರದ ಹಡಗಿನವ
ಮರ್ಚೆಂಟ್ ನೇವಿಯಿಂದ ನಮಸ್ಕಾರ. ನಮ್ಮ ಮನೆಯವರ ಫೋನಲ್ಲಿ ದೇಶವೇ ಇಲ್ಲದ ನಂಬರ್ ಒಂದಿರುತ್ತೆ, +870. ಇನ್‌ಮಾರ್‌ಸ್ಯಾಟ್ ಉಪಗ್ರಹದ್ದು. ಇರಿಡಿಯಂ ಆದರೆ +8816 ಅಂತ ಶುರು. ಹಡಗು ಪನಾಮಾದಲ್ಲಿದ್ದರೂ ಪಾರಾದೀಪದಲ್ಲಿದ್ದರೂ ಅದೇ ನಂಬರ್. ಈಗ ಹೆಚ್ಚಿನ ಹಡಗುಗಳಲ್ಲಿ ಇಂಟರ್‌ನೆಟ್ ಇರೋದರಿಂದ ಅದಕ್ಕೆ ಕರೆ ಮಾಡೋದು ಅಪರೂಪ, ಊರಿಂದ ಮಾಡಿದರೆ ನಿಮಿಷದ ದರ ಎದೆ ನಡುಗಿಸುತ್ತೆ. ಆದರೂ ಹೆಂಡತಿ ಹತ್ತಿರ ಇರಬೇಕು, "ಹಡಗು, ತುರ್ತಿಗೆ ಮಾತ್ರ" ಅಂತ ಹೆಸರಿಟ್ಟು. ಉಪಗ್ರಹ ಫೋನನ್ನೇ ಬ್ಯಾಗಲ್ಲಿ ಹಾಕಿಕೊಂಡು ಭಾರತಕ್ಕೆ ಬರಬೇಡಿ, ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಂಡರೆ ಬಂಧನವೂ ಆಗುತ್ತೆ.

ಹೆಸರಿಡೋ ವಿಷಯದಲ್ಲಿ ನನ್ನ ಪದ್ಧತಿ: ಊರು ಮೊದಲು, ಮನುಷ್ಯ ಆಮೇಲೆ. "ಸಲಾಲಾ ಏಜೆಂಟ್", "ಸಂತೋಸ್ ಟ್ಯಾಕ್ಸಿ". ವರ್ಷ ಬಿಟ್ಟು ಅದೇ ಬಂದರಿಗೆ ಹೋದಾಗ ಮನುಷ್ಯನ ಹೆಸರು ನೆನಪಿರಲ್ಲ, ಬಂದರಿನ ಹೆಸರು ಎದುರಿಗೇ ಇರುತ್ತೆ.

ಪೀಣ್ಯ ಟೂಲ್‌ರೂಮ್
ಒಳ್ಳೇ ಉಪಾಯ. ನಾನು ಆಫೀಸ್ ನಂಬರ್ ಜೊತೆ ಎಕ್ಸ್‌ಟೆನ್ಶನ್ನನ್ನೂ ಸೇರಿಸಿಡ್ತೀನಿ. ನಂಬರ್ ಆದಮೇಲೆ ಅಲ್ಪವಿರಾಮ ಹಾಕಿ ಎಕ್ಸ್‌ಟೆನ್ಶನ್ ಬರೆದರೆ, ಫೋನು ಒಂದೆರಡು ಸೆಕೆಂಡ್ ಕಾದು ತಾನೇ ಒತ್ತುತ್ತೆ. ಜರ್ಮನ್ ಭಾಷೆಯ ರೆಕಾರ್ಡೆಡ್ ಸ್ವಾಗತ ಉದ್ದ ಇದ್ದರೆ ಎರಡು ಮೂರು ಅಲ್ಪವಿರಾಮ. ಅರ್ಧವಿರಾಮ ಹಾಕಿದರೆ ನಿಮ್ಮನ್ನು ಕೇಳಿಯೇ ಒತ್ತುತ್ತೆ.

ತೀರ್ಥಹಳ್ಳಿ ಸೊಸೆ
ಬ್ಯಾಂಕಿನ ನಂಬರ್ ಬಗ್ಗೆ ಯಾರೂ ಹೇಳಲಿಲ್ಲ. 1800 ಅಂತ ಶುರುವಾಗೋ ಟೋಲ್‌ಫ್ರೀ ನಂಬರ್ ವಿದೇಶದಿಂದ ಸಾಮಾನ್ಯವಾಗಿ ಸಿಗಲ್ಲ, +91 ಹಾಕಿದರೂ ಅಷ್ಟೇ. ಹೊರದೇಶದಿಂದ ಕರೆ ಮಾಡೋಕೆ ಬ್ಯಾಂಕಿನವರು ಬೇರೆ ನಂಬರ್ ಕೊಟ್ಟಿರ್ತಾರೆ, ಕಾರ್ಡಿನ ಹಿಂದೆಯೋ ವೆಬ್‌ಸೈಟಿನಲ್ಲೋ. ಕಾರ್ಡ್ ಕಳೆದ ಮೇಲೆ ಕಾರ್ಡಿನ ಹಿಂದೆ ನೋಡೋಕೆ ಆಗಲ್ಲವಲ್ಲ, ಈಗಲೇ ಸೇವ್ ಮಾಡಿಕೊಳ್ಳಿ. ಹಾಗೇ ಎಟಿಎಂ ಪಿನ್ನನ್ನು "ಎಟಿಎಂ ರಾಮಣ್ಣ" ಅಂತ ಕಾಂಟ್ಯಾಕ್ಟ್ ಮಾಡಿ ಬಚ್ಚಿಡೋ ಹಿರಿಯರು ನಮ್ಮನೆಯಲ್ಲೂ ಇದ್ದಾರೆ. ಸಿಕ್ಕಸಿಕ್ಕ ಆ್ಯಪ್ ಕಾಂಟ್ಯಾಕ್ಟ್ ಓದೋಕೆ ಅನುಮತಿ ಕೇಳುತ್ತೆ, ನಾವೂ ಕೊಡ್ತೀವಿ. ರಾಮಣ್ಣನನ್ನು ದಯವಿಟ್ಟು ಅಳಿಸಿ.

ರಾಲಿ ಕನ್ನಡತಿ
ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡೋಳು, ಅದಕ್ಕೇ ಹೇಳ್ತಿದ್ದೇನೆ. ಫೋನಿನ ಲಾಕ್ ಸ್ಕ್ರೀನಲ್ಲಿ ತುರ್ತು ಸಂಪರ್ಕ ಅಂತ ಹಾಕೋ ಸೌಲಭ್ಯ ಇದೆ, ಪಾಸ್‌ವರ್ಡ್ ಇಲ್ಲದೆ ಬೇರೆಯವರು ನೋಡಬಹುದು. ಅಲ್ಲಿ ನೀವು "ಅಪ್ಪ" ಅಂತ ಕನ್ನಡದಲ್ಲಿ ಬರೆದು ಹತ್ತಂಕಿ ಹಾಕಿದ್ದರೆ ಇಲ್ಲಿನ ನರ್ಸಿಗೆ ಅದು ಯಾರು ಅಂತಲೂ ಗೊತ್ತಾಗಲ್ಲ, ಎಲ್ಲಿಗೆ ಅಂತಲೂ ಗೊತ್ತಾಗಲ್ಲ. ಅದೊಂದನ್ನು ಇಂಗ್ಲಿಷಲ್ಲಿ ಬರೆಯಿರಿ, ಸಂಬಂಧ ಬರೆಯಿರಿ, +91 ಹಾಕಿ. ಸಾಧ್ಯವಾದರೆ ಅದೇ ದೇಶದಲ್ಲಿರೋ ಒಬ್ಬರ ನಂಬರನ್ನೂ ಸೇರಿಸಿ.

ದೇರಾದ ಭಟ್ರು
ಇದಕ್ಕೊಂದು ಸೇರ್ಪಡೆ: ಎಮಿರೇಟ್ಸ್‌ನಲ್ಲಿ ಪೊಲೀಸ್ 999, ಆಂಬುಲೆನ್ಸ್ 998, ಅಗ್ನಿಶಾಮಕ 997. ಮುಖ್ಯ ನಂಬರ್ ಹತ್ತನ್ನು ಕಾಗದದಲ್ಲೂ ಬರೆದು ಪಾಸ್‌ಪೋರ್ಟ್ ಕವರಲ್ಲಿ ಇಟ್ಟುಕೊಳ್ಳಿ. ಫೋನೇ ಕಳೆದರೆ ಗೂಗಲ್ ಖಾತೆಗೆ ಹೊಸ ಫೋನಿಂದ ಒಳಹೋಗೋಕೆ ಓಟಿಪಿ ಬರೋದು ಕಳೆದ ಫೋನಿಗೇ.

ಹುಬ್ಳಿ ಮಾವ
ಕಡೀದೊಂದು ಪ್ರಶ್ನೆ ರೀ. ನಮ್ಮ ಮನ್ಯಾಗ ಇನ್ನೂ ಬಿಎಸ್ಎನ್‌ಎಲ್ ಲ್ಯಾಂಡ್‌ಲೈನ್ ಐತಿ. ಅದರಾಗಿಂದ ಮಗಳ ಲಂಡನ್ ಮೊಬೈಲಿಗೆ ಹಚ್ಚಬೇಕಂದ್ರ ಪ್ಲಸ್ ಎಲ್ಲೈತಿ? ಮತ್ತ ಅದರಿಂದ ಇಲ್ಲೇ ಮೊಬೈಲಿಗೆ ಹಚ್ಚಿದ್ರೂ ಸೊನ್ನಿ ಕೇಳ್ತದ.

ನಿವೃತ್ತ ಎಕ್ಸ್‌ಚೇಂಜ್
ಲ್ಯಾಂಡ್‌ಲೈನಿನಲ್ಲಿ + ಬದಲು 00 ಒತ್ತಿ, ಆಮೇಲೆ 44, ಆಮೇಲೆ ಮಗಳ ನಂಬರ್ 7ರಿಂದ ಶುರು ಮಾಡಿ. ಅವಳು 07 ಎಂದು ಹೇಳಿದ್ದರೂ ಸೊನ್ನೆ ಬೇಡ. ಲೈನಿಗೆ ಐಎಸ್‌ಡಿ ಸೌಲಭ್ಯ ತೆರೆದಿರಬೇಕು, ಇಲ್ಲದಿದ್ದರೆ ಕಚೇರಿಗೆ ಅರ್ಜಿ ಕೊಟ್ಟು ತೆರೆಸಿಕೊಳ್ಳಿ. ಇಲ್ಲಿನ ಮೊಬೈಲಿಗೆ ಸೊನ್ನೆ ಕೇಳುವುದು 2021ರ ಜನವರಿ 15ರಿಂದ ಬಂದ ನಿಯಮ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾತ್ರ ಅದು. ಮೊಬೈಲಿನಿಂದ ಮೊಬೈಲಿಗೆ ಬೇಕಿಲ್ಲ.

ಹುಬ್ಳಿ ಮಾವ
ಹಚ್ಚಿದೆ ನೋಡ್ರಿ, ಹತ್ತಿತು! ಅಲ್ಲಿ ಬೆಳಗಿನ ಐದು ಅಂತ, ಮಗಳು ಸಿಟ್ಟಿಗೆದ್ದಾಳ.